ಬಾಯಿ ಕ್ಯಾನ್ಸರ್‌ಗೆ ಆಪರೇಷನ್: ಅಂಜಬೇಡಿ, ತಡ ಮಾಡಬೇಡಿ



ನಿಪ್ಪಾಣಿ ತಂಬಾಕಿನ ಪೇಟೆ. ತಂಬಾಕು ಬೆಳೆಯುವ ರೈತರು, ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಂದಿರು ನಮ್ಮವರೇ. ಆದರೆ ತಂಬಾಕು, ಗುಟ್ಕಾ, ಮಾವಾ ಜಗಿಯುವುದು, ಹಲ್ಲಿಗೆ ಮಿಶ್ರಿ ತಿಕ್ಕುವುದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯೂ ರೂಢಿಯಾಗಿದೆ. ಬಾಯಿ ಕ್ಯಾನ್ಸರ್‌ಗೆ ಇದೇ ಮುಖ್ಯ ಕಾರಣ. ಈ ರೋಗಕ್ಕೆ ಮುಖ್ಯ ಚಿಕಿತ್ಸೆ ಆಪರೇಷನ್.

ಚಾಕು ತಾಗಿದರೆ ರೋಗ ಹರಡುತ್ತದೆಯೇ?

ಇಲ್ಲ. ಇದು ತಪ್ಪು ತಿಳಿವಳಿಕೆ. ಗಿಡಮೂಲಿಕೆ, ಲೇಪ ಎಂದು ತಿಂಗಳುಗಟ್ಟಲೆ ಕಳೆದು, ರೋಗ ಬಲಿತ ಮೇಲೆ ಬಂದವರಿಗೆ ಆಪರೇಷನ್ ನಂತರವೂ ರೋಗ ಮರಳಬಹುದು. ಆಗ ಜನ ಚಾಕುವನ್ನು ದೂರುತ್ತಾರೆ. ಕೆಡಿಸಿದ್ದು ಚಾಕು ಅಲ್ಲ, ತಡ. ಗಂಟು ಚಿಕ್ಕದಿದ್ದಾಗ ಬಂದರೆ ಎಷ್ಟೋ ಸಲ ಆಪರೇಷನ್ ಒಂದೇ ಸಾಕಾಗುತ್ತದೆ.

ಆಪರೇಷನ್‌ಗೆ ಮುಂಚೆ

ಹುಣ್ಣಿನ ಚಿಕ್ಕ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ. ರೋಗ ಎಷ್ಟು ಆಳಕ್ಕೆ ಹೋಗಿದೆ ಎಂದು ಸ್ಕ್ಯಾನ್‌ನಿಂದ ತಿಳಿಯುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ತಂಬಾಕು, ಬೀಡಿಯನ್ನು ಇಂದೇ ಬಿಡಿ. ಬಿಡದಿದ್ದರೆ ಗಾಯ ಬೇಗ ಮಾಯುವುದಿಲ್ಲ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಪೂರ್ಣ ಅರಿವಳಿಕೆ ಕೊಡುವುದರಿಂದ ನೋವು ತಿಳಿಯುವುದಿಲ್ಲ. ಗಂಟಿನ ಜೊತೆಗೆ ಸುತ್ತಲಿನ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ತೆಗೆಯುತ್ತಾರೆ. ಬೇರು ಉಳಿಯಬಾರದೆಂದೇ ಹೀಗೆ. ರೋಗ ಮೊದಲು ಹರಡುವುದು ಕುತ್ತಿಗೆಯ ಗ್ರಂಥಿಗಳಿಗೆ. ಆದ್ದರಿಂದ ಸಾಮಾನ್ಯವಾಗಿ ಅವನ್ನೂ ತೆಗೆಯುತ್ತಾರೆ. ದವಡೆ ಎಲುಬಿಗೆ ತಗುಲಿದ್ದರೆ ಅದರ ಭಾಗವೂ ಹೋಗಬಹುದು. ದೊಡ್ಡ ಗಾಯವಾದರೆ ಎದೆ, ತೋಳು ಅಥವಾ ತೊಡೆಯ ಮಾಂಸ ತಂದು ಮುಚ್ಚುತ್ತಾರೆ.

ನಂತರ ಏನಾಗುತ್ತದೆ?

ಮುಖ ಬಾತಿರುತ್ತದೆ. ಕುತ್ತಿಗೆಯಲ್ಲಿ ನೀರು ಬಸಿಯುವ ನಳಿಕೆ, ಮೂಗಿನಲ್ಲಿ ಆಹಾರದ ನಳಿಕೆ ಇರಬಹುದು. ಕೆಲವರಿಗೆ ಉಸಿರಾಟಕ್ಕಾಗಿ ಗಂಟಲಲ್ಲಿ ತಾತ್ಕಾಲಿಕ ತೂತು ಮಾಡುತ್ತಾರೆ. ಇದನ್ನು ಕಂಡು ಮನೆಯವರು ಗಾಬರಿಯಾಗಬಾರದು. ಬಾಯಿಯ ಗಾಯ ಮಾಯುವವರೆಗೆ ಹಾಲು, ಸೋಸಿದ ಗಂಜಿ, ಬೇಳೆಕಟ್ಟು ನಳಿಕೆಯಿಂದಲೇ. ಮಾತು ಮೊದಮೊದಲು ತೊದಲುತ್ತದೆ, ಭುಜ ಬಿಗಿಯುತ್ತದೆ. ಹೇಳಿಕೊಟ್ಟ ಬಾಯಿ ಮತ್ತು ಭುಜದ ವ್ಯಾಯಾಮವನ್ನು ದಿನವೂ ಮಾಡಿದರೆ ಬಹಳಷ್ಟು ಸುಧಾರಿಸುತ್ತದೆ. ಮುಖದ ರೂಪ ಸ್ವಲ್ಪ ಬದಲಾಗಬಹುದು. ಇದನ್ನು ಮೊದಲೇ ವೈದ್ಯರ ಹತ್ತಿರ ಬಿಚ್ಚಿ ಮಾತನಾಡಿ.

ತೆಗೆದ ಭಾಗದ ವರದಿ ಬಂದ ಮೇಲೆ ಕೆಲವರಿಗೆ ಕರೆಂಟು, ಅಂದರೆ ರೇಡಿಯೇಶನ್, ಬೇಕಾಗುತ್ತದೆ. ಅದನ್ನು ಸುಮಾರು ಆರು ವಾರದೊಳಗೆ ಆರಂಭಿಸಬೇಕು. "ಗಂಟು ಹೋಯಿತಲ್ಲ" ಎಂದು ಊರಿಗೆ ಹೋಗಿ ಕೂಡಬೇಡಿ. ಮುಂದೆ ಐದು ವರ್ಷ ತಪ್ಪದೆ ತಪಾಸಣೆಗೆ ಬನ್ನಿ.

ಖರ್ಚಿನ ಚಿಂತೆ

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಶನ್ ಕಾರ್ಡು, ಆಧಾರ್ ತನ್ನಿ. ಮೀರಜ್, ಕೊಲ್ಹಾಪುರಕ್ಕೆ ಹೋಗುವವರು ಅಲ್ಲಿ ನಮ್ಮ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಬೆಳಗಾವಿಯಲ್ಲಿ 2025ರ ಜನವರಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಯಾಗಿದೆ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆ ಇದೆ.

ನೆನಪಿಡಿ

ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಕುತ್ತಿಗೆಯಲ್ಲಿ ಗಂಟು, ಮೂರು ಬೆರಳು ಹೋಗದಷ್ಟು ಬಾಯಿ ಬಿಗಿತ: ಇವುಗಳಲ್ಲಿ ಒಂದಿದ್ದರೂ ಬನ್ನಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಕಾಯ ನೆಟ್ಟಗಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ.