ನಿಂತುಹೋದ ಬ್ಯಾಟರಿ ಸ್ಕೂಟರ್: ಪರೀಕ್ಷಿಸುವ ಕ್ರಮ

ನಡೆಯಲು ಕಾಲಿನಲ್ಲಿ ಶಕ್ತಿ ಸಾಲದವರಿಗಾಗಿ ಮಾಡಿದ ಬ್ಯಾಟರಿ ಸ್ಕೂಟರನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಮೂರು ಅಥವಾ ನಾಲ್ಕು ಚಿಕ್ಕ ಚಕ್ರಗಳು, ಕೈಯಾಸರೆಯುಳ್ಳ ಒಂದು ಆಸನ, ಮುಂದೆ ಹಿಡಿಕೆ. ಹಿಡಿಕೆಯಲ್ಲಿರುವ ವೇಗದ ಲಿವರನ್ನು ಬೆರಳಿನಿಂದ ಒತ್ತಿದರೆ ಗಾಡಿ ಸದ್ದಿಲ್ಲದೆ ಮುಂದೆ ಸಾಗುತ್ತದೆ. 1968ರಲ್ಲಿ ಅಮೆರಿಕದ ಮಿಚಿಗನ್ ಸಂಸ್ಥಾನದಲ್ಲಿ ಆಲ್ ಥೀಮ್ ಎಂಬಾತನು, ನರರೋಗದಿಂದ ನಡೆಯಲಾರದೆ ಹೋದ ತನ್ನ ಕುಟುಂಬದವರೊಬ್ಬರಿಗಾಗಿ ಇಂಥ ಗಾಡಿಯೊಂದನ್ನು ರಚಿಸಿದನು. ಮನೆಯ ಕಷ್ಟದಿಂದ ಹುಟ್ಟಿದ ಯಂತ್ರವಿದು.

ನಾನು ಇತಿಹಾಸದ ವಿದ್ಯಾರ್ಥಿ. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಲೇಖನ ಬರೆಯಲು ಕಾರಣವುಂಟು. ಮಂಡಿನೋವಿನಿಂದ ಬಳಲುವ ನನ್ನ ಸೋದರತ್ತೆಯವರು ಇಂಥ ಗಾಡಿಯಲ್ಲಿ ದಿನವೂ ಸಂಜೆ ವಾಚನಾಲಯಕ್ಕೆ ಹೋಗಿಬರುತ್ತಿದ್ದರು. ಒಂದು ದಿನ ಲಿವರ್ ಒತ್ತಿದರೆ ಗಾಡಿ ಹೊರಡಲೊಲ್ಲದು. ನೋಡಲು ಬಂದ ರಿಪೇರಿಯವನು, “ಮೋಟಾರ್ ಸುಟ್ಟಿದೆ, ಹೊಸದನ್ನೇ ತರಿಸಬೇಕು” ಎಂದು ಹೇಳಿ ಹೊರಟುಹೋದ. ಅದರ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. “ಇನ್ನು ನನ್ನ ಪ್ರಪಂಚವೆಲ್ಲ ಈ ಪಡಸಾಲೆಯೇ ಕಣೋ” ಎಂದರು ಅತ್ತೆ. ಮೂರು ವಾರ ಅವರು ಹೊಸಿಲು ದಾಟಲಿಲ್ಲ. ಆಗ ಗಾಡಿಯ ಜೊತೆ ಬಂದಿದ್ದ ಕೈಪಿಡಿಯನ್ನು ಹಿಡಿದು ನಾನು ಕುಳಿತೆ. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು ರಚನೆಯನ್ನು ತಿಳಿಯೋಣ. ಆಸನದ ಕೆಳಗೆ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ಅವನ್ನು ಒಂದರ ಬೆನ್ನಿಗೆ ಒಂದನ್ನು ಜೋಡಿಸಿರುವುದರಿಂದ 24 ವೋಲ್ಟ್ ದೊರೆಯುತ್ತದೆ. ಈ ವಿದ್ಯುತ್ತು ಕಂಟ್ರೋಲರ್ ಎಂಬ ಪೆಟ್ಟಿಗೆಯ ಮೂಲಕ ಮೋಟಾರಿಗೆ ಹೋಗುತ್ತದೆ. ಮೋಟಾರಿನ ತುದಿಯಲ್ಲಿ ಒಂದು ವಿದ್ಯುತ್ ಬ್ರೇಕ್ ಉಂಟು. ಇದರ ಸ್ವಭಾವ ನಾವೆಣಿಸುವುದಕ್ಕೆ ವಿರುದ್ಧವಾದುದು. ವಿದ್ಯುತ್ತು ಹರಿದರೆ ಬ್ರೇಕ್ ಬಿಡುತ್ತದೆ. ನಿಂತರೆ ಸ್ಪ್ರಿಂಗಿನ ಬಲದಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ವಿದ್ಯುತ್ತು ಕೈಕೊಟ್ಟರೂ ಗಾಡಿ ಉರುಳಿಹೋಗದಿರಲೆಂದು ಈ ಏರ್ಪಾಡು.

ಗಾಡಿ ನಿಂತಿತೆಂದರೆ ಕೆಟ್ಟಿತೆಂದೇ ಅರ್ಥವಲ್ಲ. ಅನೇಕ ಸಲ ಅದು ಸವಾರರ ರಕ್ಷಣೆಗಾಗಿ ತಾನೇ ನಿಂತಿರುತ್ತದೆ. ಆದುದರಿಂದ ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಪರೀಕ್ಷೆ ಸಾಗಬೇಕು.

ಒಂದನೆಯದು: ಕೀಲಿ ತಿರುಗಿಸಿದರೂ ದೀಪವೇ ಹತ್ತದಿದ್ದರೆ ಬ್ಯಾಟರಿಯ ತಂತಿಗಳು ಸಡಿಲವಾಗಿವೆಯೇ, ತುಕ್ಕು ಹಿಡಿದಿವೆಯೇ ನೋಡಬೇಕು. ಅತಿಯಾದ ಹೊರೆ ಬಿದ್ದಾಗ ಹೊರಕ್ಕೆ ಹಾರುವ ಬ್ರೇಕರ್ ಗುಂಡಿ ಕೆಲವು ಗಾಡಿಗಳಲ್ಲಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಒಳಕ್ಕೆ ಒತ್ತಬೇಕು. ಮತ್ತೆ ಮತ್ತೆ ಹಾರಿದರೆ ಬಲ್ಲವರನ್ನು ಕರೆಯಬೇಕು. ಫ್ಯೂಸಿನ ಜಾಗದಲ್ಲಿ ಬರಿಯ ತಂತಿ ಕಟ್ಟುವುದು ಬೆಂಕಿಯನ್ನು ಕರೆದಂತೆ.

ಎರಡನೆಯದು: ದೀಪ ಹತ್ತಿಯೂ ಗಾಡಿ ಹೊರಡದಿದ್ದರೆ ಚಾರ್ಜರಿನ ತಂತಿ ಇನ್ನೂ ಸಿಕ್ಕಿಸಿದೆಯೇ ನೋಡಿರಿ. ಅದು ಸಿಕ್ಕಿಸಿರುವಷ್ಟು ಕಾಲ ಸಾಮಾನ್ಯವಾಗಿ ಗಾಡಿ ಚಲಿಸದು. ವೇಗದ ಲಿವರನ್ನು ಒತ್ತಿ ಹಿಡಿದು ಕೀಲಿ ತಿರುಗಿಸಿದರೂ ಅದು ಹೊರಡದು. ಬೆರಳು ತೆಗೆದು ಕೀಲಿಯನ್ನು ಆರಿಸಿ ಮತ್ತೆ ತಿರುಗಿಸಿದರೆ ಸರಿಹೋಗುತ್ತದೆ. ದೀಪ ಮಿನುಗಿದರೆ, ಎಷ್ಟು ಸಲ ಮಿನುಗಿತೆಂದು ಎಣಿಸಿಕೊಳ್ಳಬೇಕು. ಆ ಎಣಿಕೆಯ ಅರ್ಥ ಮಾದರಿಯಿಂದ ಮಾದರಿಗೆ ಬೇರೆ. ಅದೇ ಗಾಡಿಯ ಕೈಪಿಡಿಯನ್ನೇ ನೋಡಬೇಕು.

ಮೂರನೆಯದು: ಹಿಂಚಕ್ರದ ಬಳಿ ಇನ್ನೊಂದು ಲಿವರ್ ಇರುತ್ತದೆ. ಅದನ್ನು ಸರಿಸಿದರೆ ಬ್ರೇಕ್ ಬಿಡುಗಡೆಯಾಗಿ ಗಾಡಿಯನ್ನು ಕೈಯಿಂದ ತಳ್ಳಿಕೊಂಡು ಹೋಗಬಹುದು. ಆದರೆ ಮೋಟಾರಿನಿಂದ ಓಡಿಸಲಾಗದು. ಸವಾರರು ಕುಳಿತಿರುವಾಗ, ಅದರಲ್ಲೂ ಇಳಿಜಾರಿನಲ್ಲಿ, ಇದನ್ನು ಎಂದಿಗೂ ಸರಿಸಬಾರದು. ಸರಿಯಾಗಿರುವ ಗಾಡಿ ನಿಂತಿರುವಾಗ ತಳ್ಳಿದರೆ ಉರುಳಕೂಡದು. ಉರುಳಿತೆಂದರೆ ಮೊದಲು ನೋಡಬೇಕಾದುದು ಈ ಲಿವರನ್ನೇ.

ನಾಲ್ಕನೆಯದು ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ ಮತ್ತು ಆಮ್ಲದ ಬ್ಯಾಟರಿಯೇ ಇಂದಿಗೂ ಬಹಳಷ್ಟು ಗಾಡಿಗಳಲ್ಲಿದೆ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಮೀಟರಿನಿಂದ ಅಳೆದರೆ ಒಂದೊಂದೂ ಸುಮಾರು 12.7 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಚಾರ್ಜನ್ನು ಹಿಡಿದಿಡುತ್ತಿಲ್ಲವೆಂದು ತಿಳಿಯಬೇಕು. ಅಳತೆ ಸರಿಯಿದ್ದರೂ ಏರು ಹತ್ತುವಾಗ ಸೂಚಕದ ಮುಳ್ಳು ತಟ್ಟನೆ ಕುಸಿದರೆ ಬ್ಯಾಟರಿಗೆ ಮುಪ್ಪು ಬಂದಿದೆ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳತು ಹೊಸತನ್ನೂ ಕೆಡಿಸುತ್ತದೆ. ಕಾರಿನ ಬ್ಯಾಟರಿ ಇಲ್ಲಿಗೆ ಸಲ್ಲದು. ಅದನ್ನು ಮಾಡಿರುವುದು ಎಂಜಿನ್ನನ್ನು ಎಬ್ಬಿಸುವ ಕ್ಷಣಮಾತ್ರದ ಕೆಲಸಕ್ಕೆ. ಲಿಥಿಯಂ ಬ್ಯಾಟರಿಯಿದ್ದರೆ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು.

ಸೀಸದ ಬ್ಯಾಟರಿ ದುಡಿಮೆಗಿಂತ ಹಸಿವಿನಿಂದ ಬೇಗ ಸಾಯುತ್ತದೆ. ಬರಿದಾಗಿ ಬಿದ್ದಿದ್ದರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಮತ್ತೆ ಅದು ಪೂರ್ತಿ ಚಾರ್ಜ್ ಹಿಡಿಯಲಾರದು. ಓಡಿಸಿದ ದಿನ ರಾತ್ರಿ ಚಾರ್ಜ್ ಮಾಡುವುದೇ ಇದಕ್ಕೆ ಮದ್ದು. ಬ್ಯಾಟರಿ ಮುಟ್ಟುವ ಮೊದಲು ಕೈಯ ಉಂಗುರ, ಬಳೆ ತೆಗೆದಿಡಬೇಕು. ಎರಡು ತುದಿಗಳಿಗೂ ಸ್ಪ್ಯಾನರ್ ಒಮ್ಮೆಗೇ ತಾಗಿದರೆ ಸುಡುವ ಕಿಡಿ ಏಳುತ್ತದೆ.

ಕಡೆಯದು ಮೋಟಾರ್. ವೇಗದ ಲಿವರ್ ಒತ್ತಿದಾಗ ಹಿಂದೆ ‘ಟಕ್’ ಎಂಬ ಸದ್ದು ಕೇಳುತ್ತದೆ. ಬ್ರೇಕ್ ಬಿಟ್ಟ ಗುರುತದು. ಸದ್ದು ಕೇಳಿಯೂ ಚಕ್ರ ತಿರುಗದಿದ್ದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಇವನ್ನೆಲ್ಲ ನೋಡಿದ ಮೇಲೆ ಮಾತ್ರ ಮೋಟಾರ್ ಸುಟ್ಟಿದೆಯೆಂಬ ಮಾತಿಗೆ ಬೆಲೆ.

ಅತ್ತೆಯವರ ಗಾಡಿಯಲ್ಲಿ ದೀಪ ಹತ್ತುತ್ತಿತ್ತು. ತಳ್ಳಿದರೆ ಉರುಳುತ್ತಲೂ ಇತ್ತು. ಹಬ್ಬಕ್ಕೆ ಪಡಸಾಲೆ ಸಾರಿಸುವಾಗ ಹುಡುಗರು ಗಾಡಿಯನ್ನು ಪಕ್ಕಕ್ಕೆ ತಳ್ಳಲು ಹಿಂದಿನ ಲಿವರನ್ನು ಸರಿಸಿ, ಹಾಗೆಯೇ ಬಿಟ್ಟಿದ್ದರು. ಕೈಪಿಡಿಯ ಆ ಪುಟ ಓದಿ ಲಿವರನ್ನು ಮೊದಲಿನ ಸ್ಥಾನಕ್ಕೆ ತಂದೆ. ಖರ್ಚು ಒಂದು ಕಾಸೂ ಇಲ್ಲ. ಮೂರು ವಾರ ಚಾರ್ಜ್ ಕಾಣದ ಬ್ಯಾಟರಿಯನ್ನು ಆ ರಾತ್ರಿ ಚಾರ್ಜಿಗೆ ಹಾಕಿ, ಮರುದಿನ ಸಂಜೆ ಅತ್ತೆಯ ಜೊತೆ ವಾಚನಾಲಯದವರೆಗೆ ನಡೆದುಹೋದೆ.

ನಮಗೆ ಸ್ಕೂಟರ್ ಕೆಟ್ಟರೆ ಬಸ್ಸುಂಟು, ಕಾಲುಂಟು. ಇವರಿಗೆ ಗಾಡಿಯೇ ಕಾಲು. ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಇಂಥ ಗಾಡಿ ನಿಂತಿದ್ದರೆ, ಮಿತ್ರರೇ, ಕೈಪಿಡಿ ಹಿಡಿದು ಅರ್ಧ ಗಂಟೆ ಅದರ ಮುಂದೆ ಕುಳಿತು ನೋಡಿರಿ.