ಹುಳದ ಕಲೆ: ರಾತ್ರಿಯೇ ಒರೆಸಿ, ಬಿಸಿಲಿಗೆ ಬಿಡಬೇಡಿ

ಪ್ರಶ್ನೆ: ನಮ್ಮದು ಗಂಗಾವತಿ. ಐದು ತಿಂಗಳ ಹಿಂದೆ ಕಡು ನೀಲಿ ಬಣ್ಣದ ಕಾರು ತಗೊಂಡೆವು. ಮನೆಗೆ ಇದೇ ಮೊದಲ ಕಾರು. ಮಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ. ಶನಿವಾರ ಅಂಗಡಿ ಮುಚ್ಚಿ, ಸಂಜೆ ಆರರ ಮೇಲೆ ಹೊರಟು ಕೊಪ್ಪಳ, ಗದಗ ಹಾದು ಹೋಗುವುದು ನಮ್ಮ ರೂಢಿ. ಭತ್ತದ ಗದ್ದೆಗಳನ್ನು ದಾಟುವಷ್ಟರಲ್ಲಿ ಗಾಜು, ಬಾನೆಟ್, ಬಂಪರ್ ಎಲ್ಲ ಹುಳಮಯ. ಹೋದ ತಿಂಗಳು ದಣಿವಿನಲ್ಲಿ ಹಾಗೇ ಬಿಟ್ಟು ಮಲಗಿ, ಭಾನುವಾರ ಮಧ್ಯಾಹ್ನ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಿಂದ ಉಜ್ಜಿದೆ. ಹುಳ ಹೋದವು. ಆದರೆ ಬಾನೆಟ್ ಮೇಲೆ ಮಬ್ಬು ಪಟ್ಟೆ, ಅಲ್ಲಲ್ಲಿ ಸಣ್ಣ ಉಂಗುರದಂಥ ಕಲೆ ಉಳಿದುಬಿಟ್ಟಿವೆ. ಶೋರೂಮಿನವರು ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಐದು ವರ್ಷ ಚಿಂತೆಯಿಲ್ಲ ಎಂದು 28,000 ರೂಪಾಯಿ ಕೇಳುತ್ತಿದ್ದಾರೆ. ಮಗ ಯಾವುದೋ ಅಮೆರಿಕದ ವಿಡಿಯೊ ನೋಡಿ, ಹೊರಡುವ ಮುಂಚೆ ಅಡುಗೆ ಎಣ್ಣೆ ಸವರಿದರೆ ಸಾಕು ಎನ್ನುತ್ತಾನೆ. ಯಾರ ಮಾತು ಕೇಳಲಿ? ಕಾರು ಕಣ್ಣಿಗೆ ಬಿದ್ದಾಗಲೆಲ್ಲ ಕರುಳು ಚುರ್ ಎನ್ನುತ್ತದೆ.
– ಹೆಸರು ಬೇಡ, ಗಂಗಾವತಿ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಗಾಯಗಳಿವೆ, ಹೆಚ್ಚು ಕಣ್ಣಿಗೆ ಹೊಡೆಯುವ ಗಾಯವೇ ಸುಲಭವಾಗಿ ವಾಸಿಯಾಗುವಂಥದ್ದು. ಮಬ್ಬು ಪಟ್ಟೆ ಸ್ಕ್ರಬ್ಬರ್ ಮಾಡಿದ್ದು. ಆ ಹಸಿರು ನಾರಿನೊಳಗೆ ಗಟ್ಟಿ ಕಣಗಳನ್ನು ಸೇರಿಸಿರುತ್ತಾರೆ, ಸ್ಟೀಲ್ ಪಾತ್ರೆಯ ಮೇಲೂ ಅದು ಗೀರು ಎಳೆಯುತ್ತದೆ. ಉಂಗುರದ ಕಲೆ ಮಾತ್ರ ಹುಳದ್ದು. ಈ ರಾತ್ರಿ ಬಾನೆಟ್ ತಣ್ಣಗಾದ ಮೇಲೆ ಮೊಬೈಲ್ ಟಾರ್ಚನ್ನು ಅಡ್ಡಡ್ಡಲಾಗಿ ಹಿಡಿದು ನೋಡಿ, ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ಉಗುರನ್ನು ಹಗುರವಾಗಿ ಅವುಗಳ ಮೇಲೆ ಎಳೆಯಿರಿ. ಉಗುರಿಗೆ ಏನೂ ತಡೆಯದಿದ್ದರೆ ಪಾಲಿಶ್‌ನಲ್ಲಿ ಹೋಗುತ್ತದೆ.

ಕಾರಿನ ಬಣ್ಣವೆಂದರೆ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನೀವು ನೋಡುವ ನೀಲಿ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಹೊಳಪು ಇರುವುದು ಈ ಕೊನೆಯ ಪದರದಲ್ಲಿ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಹುಳದ ಕಲೆ ಕೂರುವುದೂ, ನಿಮ್ಮ ಸ್ಕ್ರಬ್ಬರ್ ಕೆರೆದದ್ದೂ ಇಷ್ಟು ತೆಳುವಾದ ಪದರದ ಮೇಲೆ.

ಹುಳ ಬಡಿದ ಕ್ಷಣದಲ್ಲೇ ಬಣ್ಣ ಕೆಡುವುದಿಲ್ಲ. ಅದರ ಮೈಯ ದ್ರವದಲ್ಲಿ ಪ್ರೋಟೀನು, ಕಿಣ್ವ, ಕೊಬ್ಬು ಇರುತ್ತವೆ. ಮೈ ಒಡೆದು ಗಾಳಿ ತಾಕಿದೊಡನೆ ಆ ದ್ರವ ಮಂದವಾಗಿ ಅಂಟಾಗುತ್ತದೆ. ವಿಮಾನದ ರೆಕ್ಕೆಗೆ ಅಂಟುವ ಹುಳುಗಳು ಗಾಳಿಯ ನಯವಾದ ಹರಿವನ್ನು ಕೆಡಿಸಿ ಇಂಧನ ನುಂಗುತ್ತವೆ ಎಂಬ ಕಾರಣಕ್ಕೆ ನಾಸಾದವರು ಇದರ ಬೆನ್ನು ಹತ್ತಿದ್ದರು. 2015ರಲ್ಲಿ ಹುಳುಗಳ ಹಾವಳಿ ಜಾಸ್ತಿ ಇರುವ ಅಮೆರಿಕದ ಲೂಸಿಯಾನಾದ ಶ್ರೀವ್‌ಪೋರ್ಟ್‌ಗೇ ಹೋಗಿ, ಬೋಯಿಂಗ್ 757 ವಿಮಾನದ ರೆಕ್ಕೆಗೆ ಬಗೆಬಗೆಯ ಅಂಟದ ಲೇಪಗಳನ್ನು ಬಳಿದು ಹಾರಿಸಿ ನೋಡಿದರು. ಅವುಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಲೇಪ ಕೂಡ ಅಂಟುವ ಹುಳುಗಳನ್ನು ಸುಮಾರು ಶೇ 40ರಷ್ಟು ಮಾತ್ರ ಕಡಿಮೆ ಮಾಡಿತು. ಶೋರೂಮಿನವರು ಮುಂದಿಡುವ ‘ಚಿಂತೆಯೇ ಇಲ್ಲ’ ಎಂಬ ಮಾತನ್ನು ಕೇಳುವಾಗ ಈ ಲೆಕ್ಕ ನೆನಪಿರಲಿ.

ಅಂಟಿದ್ದು ರಾತ್ರಿಯಿಡೀ ಒಣಗಿ ಕೊಳೆಯಲು ಶುರುವಾಗುತ್ತದೆ, ಆಮ್ಲೀಯವೂ ಆಗುತ್ತದೆ. ಮರುದಿನ ಬಿಸಿಲೇರಿದಾಗ ನಿಮ್ಮಂಥ ಕಡು ಬಣ್ಣದ ಬಾನೆಟ್ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುವುದುಂಟು. ಕಾದ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ಒಣಗಿದ ಹುಳ ಅದಕ್ಕೆ ಕಚ್ಚಿಕೊಂಡು ಸುತ್ತಲೂ ಅಂಚು ಕೊರೆಯುತ್ತದೆ. ನಿಮ್ಮ ಉಂಗುರಗಳು ಮೂಡಿದ್ದು ಹೀಗೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಒರೆಸಿದ್ದರೂ ಬಹುಪಾಲು ಕಲೆ ಬೀಳುತ್ತಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕೋಟಿಂಗ್ ಇರಲಿ ಇಲ್ಲದಿರಲಿ, ನಿಮ್ಮ ಕಾರಿನ ಬಣ್ಣ ಉಳಿಯುವುದು ಹುಳ ಬಡಿದ ಹೊತ್ತಿಗೂ ಮರುದಿನದ ಬಿಸಿಲಿಗೂ ನಡುವೆ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ.

ಹಾಗಾದರೆ ಮಾಡಬೇಕಾದ್ದೇನು? ಹುಬ್ಬಳ್ಳಿ ಮುಟ್ಟಿದ ಮೇಲೆ ಹತ್ತೇ ನಿಮಿಷದ ಕೆಲಸ. ಡಿಕ್ಕಿಯಲ್ಲಿ ಎರಡು ಲೀಟರ್ ನೀರು, ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ, ಸ್ಪ್ರೇ ಬಾಟಲಿಯಲ್ಲಿ ತೆಳುವಾಗಿ ಕಲಸಿದ ಕಾರ್ ಶಾಂಪೂ ಇಟ್ಟುಕೊಳ್ಳಿ. ಎಂಜಿನ್ ಬಿಸಿಗೆ ಬಾನೆಟ್ ಕಾದಿರುತ್ತದೆ, ಮುಟ್ಟಿದರೆ ಉಗುರುಬೆಚ್ಚಗೆ ಇರುವಷ್ಟು ತಣಿಯಲಿ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಹುಳ ದಟ್ಟವಾಗಿ ಬಡಿದ ಜಾಗದ ಮೇಲೆ ಹಾಸಿಬಿಡಿ. ಬಾನೆಟ್ಟಿನ ಮುಂಚೂಣಿ, ಬಂಪರ್, ಕನ್ನಡಿಗಳ ಬೆನ್ನು, ಗಾಜಿನ ಮೇಲಿನ ಚಾವಣಿಯ ಅಂಚು, ಇಷ್ಟೇ ಜಾಗ. ಐದು ನಿಮಿಷ ಬಿಟ್ಟು ಶಾಂಪೂ ನೀರು ಚಿಮುಕಿಸಿ, ಬಟ್ಟೆಯ ಮಡಿಕೆಯನ್ನು ಒತ್ತದೆ ಒಂದೇ ದಿಕ್ಕಿಗೆ ಎಳೆಯಿರಿ. ನೆನೆದ ಹುಳ ಬಟ್ಟೆಗೆ ಬಂದುಬಿಡುತ್ತದೆ. ಬರಲಿಲ್ಲವೋ, ಇನ್ನೊಮ್ಮೆ ನೆನೆಹಾಕಿ. ಅನ್ನ ಒಣಗಿದ ತಟ್ಟೆಯನ್ನು ನಾವ್ಯಾರೂ ಒಣಗಿದಂತೆಯೇ ಕೆರೆಯುವುದಿಲ್ಲ, ಬಾನೆಟ್‌ಗೂ ಅಷ್ಟೇ ತಾಳ್ಮೆ ಸಾಕು. ಒರೆಸಿದ ಮಡಿಕೆಯನ್ನು ಮತ್ತೆ ಬಳಸದೆ ಹೊಸ ಮಡಿಕೆ ತಿರುಗಿಸಿ, ಏಕೆಂದರೆ ಅದರಲ್ಲಿ ಹುಳದ ಗಟ್ಟಿ ಚಿಪ್ಪಿನ ಜೊತೆ ರಸ್ತೆಯ ದೂಳೂ ಇರುತ್ತದೆ. ಕೊನೆಗೆ ಒಣಬಟ್ಟೆಯಲ್ಲಿ ನೀರು ಒತ್ತಿ ತೆಗೆಯಿರಿ. ನಿಮ್ಮ ಭಾಗದ ಬೋರ್‌ವೆಲ್ ನೀರು ಗಡಸು, ಹನಿ ಹನಿಯಾಗಿ ಒಣಗಿದರೆ ಬಿಳಿ ಸುಣ್ಣದ ಚುಕ್ಕೆ ಉಳಿಯುತ್ತದೆ, ಅದನ್ನು ಬಿಡಿಸುವುದು ಹುಳ ಬಿಡಿಸುವುದಕ್ಕಿಂತ ಕಷ್ಟ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಟೂತ್‌ಪೇಸ್ಟ್, ಪಾತ್ರೆ ಸೋಪಿನ ಬಿಲ್ಲೆ ಯಾವುದೂ ಬೇಡ. ಹೆಡ್‌ಲೈಟಿನ ಮುಚ್ಚಳ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಥಿನ್ನರ್ ತಾಕಿದರೆ ಶಾಶ್ವತವಾಗಿ ಮಂಕಾಗುತ್ತದೆ.

ಇನ್ನು ಮಗನ ಎಣ್ಣೆಯ ಸಲಹೆ. ಅವನನ್ನು ಬೈಯಬೇಡಿ, ಆ ವಿಡಿಯೊ ಸುಳ್ಳಲ್ಲ. ಫ್ಲಾರಿಡಾ, ಟೆಕ್ಸಸ್ ಕರಾವಳಿಯಲ್ಲಿ ‘ಲವ್‌ಬಗ್’ ಎಂಬ ಕಪ್ಪು ನೊಣವಿದೆ, ಗಂಡು-ಹೆಣ್ಣು ಒಂದಕ್ಕೊಂದು ಅಂಟಿಕೊಂಡೇ ಹಾರುವ ಜಾತಿ. ಏಪ್ರಿಲ್-ಮೇ ಮತ್ತು ಆಗಸ್ಟ್-ಸೆಪ್ಟೆಂಬರ್, ವರ್ಷಕ್ಕೆ ಎರಡು ಸಲ, ಕೆಲವೇ ವಾರ, ಅದೂ ಹಾಡಹಗಲಲ್ಲಿ ಹೆದ್ದಾರಿಗಳ ಮೇಲೆ ಮೋಡದಂತೆ ಏಳುತ್ತದೆ. ಅದರ ಮೈದ್ರವದ ಪಿಎಚ್ ಬಡಿದಾಗ 6.5ರ ಆಸುಪಾಸು, ಹೆಚ್ಚುಕಡಿಮೆ ನೀರಿನಷ್ಟೇ ಸಾಧು. ಒಂದು ದಿನ ಕಾರಿನ ಮೇಲೇ ಬಿಟ್ಟರೆ 4.25ರವರೆಗೆ ಇಳಿದು ಆಮ್ಲವಾಗುತ್ತದೆ ಎಂದು ಅಲ್ಲಿನವರು ಅಳೆದು ಹೇಳಿದ್ದಾರೆ. ಅಲ್ಲೂ ಕೊನೆಗೆ ಲೆಕ್ಕಕ್ಕೆ ಬರುವುದು ಎಷ್ಟು ಹೊತ್ತು ಬಿಟ್ಟಿರಿ ಎಂಬುದೇ. ಆ ಕೆಲವು ವಾರ ತಳ್ಳಲು ಅವರಲ್ಲಿ ಕೆಲವರು ಎಣ್ಣೆ ಸವರುತ್ತಾರೆ. ಗದಗ ಸೀಮೆಯ ಎರೆಮಣ್ಣಿನ ದೂಳಿನಲ್ಲಿ ಅದೇ ಕೆಲಸ ಮಾಡಿದರೆ ಬಾನೆಟ್ ಮೇಲೆ ಮರಳುಕಾಗದ ಅಂಟಿಸಿದಷ್ಟೇ ಲಾಭ. ಎಣ್ಣೆಯ ಕಣ ಗಾಜಿಗೆ ಹಾರಿ, ವೈಪರ್ ಅದನ್ನು ಹರಡಿದರೆ ಎದುರಿನ ಲಾರಿಯ ದೀಪಕ್ಕೆ ರಸ್ತೆಯೇ ಕಾಣದು. ಎಣ್ಣೆ ಖಂಡಿತ ಬೇಡ.

28,000ದ ವಿಷಯಕ್ಕೆ ಬರೋಣ. ಸೆರಾಮಿಕ್ ಕೋಟಿಂಗ್ ಎಂದರೆ ಸಿಲಿಕಾ ಆಧಾರಿತ ಗಟ್ಟಿ, ನುಣುಪು ಪದರ. ನೀರು ನಿಲ್ಲುವುದಿಲ್ಲ, ಕೊಳೆ ಸುಲಭವಾಗಿ ಬಿಡುತ್ತದೆ, ಹೊಳಪೂ ಚೆಂದ. ಹುಳ ಬಡಿಯುವುದನ್ನು ಅದು ತಡೆಯುವುದಿಲ್ಲ. ಬಡಿದದ್ದು ಬೇರೂರುವುದನ್ನು ತುಸು ನಿಧಾನ ಮಾಡುತ್ತದೆ, ಒರೆಸುವ ಕೆಲಸ ಹಗುರ ಮಾಡುತ್ತದೆ. ಮಧ್ಯಾಹ್ನದವರೆಗೆ ಬಿಟ್ಟರೆ ಕೋಟಿಂಗ್ ಮೇಲೂ ಕಲೆ ಕೂರುತ್ತದೆ. ಹುಳದ ಒಂದೇ ಕಾರಣಕ್ಕೆ ಇದನ್ನು ಮಾಡಿಸಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ ಕಾರ್ನೌಬಾ ವ್ಯಾಕ್ಸ್ ಒಂದು ಡಬ್ಬಿಗೆ ಕೆಲವು ನೂರು ರೂಪಾಯಿ. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಮೇಣವದು. ನೆರಳಲ್ಲಿ, ತೊಳೆದು ಒಣಗಿಸಿದ ಬಾನೆಟ್‌ಗೆ ತೆಳುವಾಗಿ ಹಚ್ಚಿ, ಮಂಜು ಕಟ್ಟಿದಂತಾದಾಗ ಒರೆಸಿಬಿಡಿ. ಬಿಸಿಲಿನ ನಾಡಿನಲ್ಲಿ ಒಂದೆರಡು ತಿಂಗಳು ತಡೆಯುತ್ತದೆ. ಸಿಂಥೆಟಿಕ್ ಸೀಲೆಂಟ್ ಆದರೆ ಅದಕ್ಕಿಂತ ಹೆಚ್ಚು ಬಾಳುತ್ತದೆ. ನೀರು ಸುರಿದಾಗ ಹನಿಗಟ್ಟಿ ಉರುಳದೆ ಹಾಳೆಯಂತೆ ಹರಡತೊಡಗಿದರೆ ಮತ್ತೆ ಹಚ್ಚುವ ಸಮಯ ಬಂತೆಂದು ತಿಳಿಯಿರಿ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ದರ ಕೇಳಿ. ಅದು ಪಾಲಿಯುರೆಥೇನ್ ಹಾಳೆ, 150ರಿಂದ 200 ಮೈಕ್ರಾನ್ ದಪ್ಪ. ಅಂದರೆ ನಿಮ್ಮ ಕ್ಲಿಯರ್ ಕೋಟಿನ ಮೂರ್ನಾಲ್ಕು ಪಟ್ಟು. ಹುಳದ ಆಮ್ಲವನ್ನೂ ಲಾರಿ ಟೈರಿನಿಂದ ಸಿಡಿಯುವ ಕಲ್ಲನ್ನೂ ತಾನೇ ತಿಂದು ಬಣ್ಣ ಉಳಿಸುವ ಶಕ್ತಿ ಇರುವುದು ಇದಕ್ಕೆ ಮಾತ್ರ. ಇಡೀ ಕಾರಿಗೆ ತುಂಬ ದುಬಾರಿ. ಬಂಪರ್, ಬಾನೆಟ್‌ನ ಮುಂದಿನ ಭಾಗ, ಕನ್ನಡಿ, ಇಷ್ಟಕ್ಕೇ ಹಾಕಿಸಿದರೆ ಸಾಕು. ಹುಳ ಬಡಿಯುವುದೂ ಅಲ್ಲಿಗೇ ತಾನೆ. ಹಾಳೆಯ ಮೇಲಿನ ಹುಳವನ್ನೂ ಆದಷ್ಟು ಬೇಗ ಒರೆಸಬೇಕು, ಇಲ್ಲದಿದ್ದರೆ ಹಾಳೆಗೇ ಕಲೆ. ಬಾನೆಟ್‌ಗೆ ತೊಡಿಸುವ ಬಟ್ಟೆಯ ಮುಸುಕು ಬೇಡ. ಅದರಡಿ ದೂಳು ಸಿಕ್ಕಿಕೊಂಡು ಓಟದುದ್ದಕ್ಕೂ ಬಣ್ಣವನ್ನು ತಿಕ್ಕುತ್ತಿರುತ್ತದೆ.

ಇಷ್ಟೆಲ್ಲ ಖರ್ಚಿಲ್ಲದೆ ಹುಳವನ್ನೇ ಕಡಿಮೆ ಮಾಡುವ ದಾರಿ ನಿಮ್ಮ ಕೈಯಲ್ಲೇ ಇದೆ. ಭತ್ತದ ಸೀಮೆಯವರಾದ ನಿಮಗೆ ಜಿಗಿಹುಳುವಿನ ಪರಿಚಯ ನಾನು ಮಾಡಿಕೊಡಬೇಕಿಲ್ಲ. ತೆನೆ ಬಲಿಯುವ ದಿನಗಳಲ್ಲಿ, ದೀಪಾವಳಿಯ ಆಚೀಚೆ, ಮನೆಯ ಟ್ಯೂಬ್‌ಲೈಟಿಗೆ ಮುತ್ತುವುದು ಅದೇ. ಮೊದಲ ಮಳೆಯ ಸಂಜೆ ಹುತ್ತದಿಂದ ಏಳುವ ಮಳೆಹುಳವೂ ದೀಪಕ್ಕೇ ಬರುತ್ತದೆ. ಸೂರ್ಯ ಮುಳುಗಿದ ಮೇಲಿನ ಮೊದಲ ಎರಡು ಮೂರು ಗಂಟೆಯೇ ಇವುಗಳ ಹಾರಾಟದ ಹೊತ್ತು. ನೀವು ಗದ್ದೆ ಬಯಲನ್ನು ದಾಟುತ್ತಿರುವುದು ಸರಿಯಾಗಿ ಆಗಲೇ, ಅದೂ ಹೆಡ್‌ಲೈಟ್ ಹಾಕಿಕೊಂಡು. ಆ ಕೆಲವು ವಾರಗಳಾದರೂ ಶನಿವಾರ ಮಲಗಿ, ಭಾನುವಾರ ಬೆಳಕು ಹರಿದ ಮೇಲೆ ಹೊರಡಿ. ಹಗಲಿನಲ್ಲಿ ಏರೋಪ್ಲೇನ್ ಚಿಟ್ಟೆಯಂಥವು ಒಂದೆರಡು ಬಡಿಯಬಹುದು, ಹಿಂಡು ಹಿಂಡಾಗಿ ಬಡಿಯುವುದಿಲ್ಲ. ಹುಳುಗಳ ಜೀವವೂ ಉಳಿಯುತ್ತದೆ, ಇದನ್ನೂ ನಾನು ಮನಸಾರೆ ಹೇಳುತ್ತಿದ್ದೇನೆ. ರಾತ್ರಿಯೇ ಹೋಗಬೇಕಾದರೆ ಗದ್ದೆ ಮುಗಿಯುವವರೆಗೆ 100ರ ಬದಲು 80ರಲ್ಲಿ ಹೋಗಿ. ಪೆಟ್ಟಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅಷ್ಟು ಇಳಿಸಿದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ.

ಬಣ್ಣಕ್ಕಿಂತ ಮುಖ್ಯವಾದದ್ದನ್ನು ನಿಮ್ಮ ಪತ್ರ ಹೆಸರಿಸಿ ಮುಂದೆ ಹೋಗಿಬಿಟ್ಟಿದೆ: ಮುಂದಿನ ಗಾಜು. ಹುಳ ಬಡಿದೊಡನೆ ಒಣ ವೈಪರ್ ಹಾಕಬೇಡಿ, ಕೊಬ್ಬಿನ ಪೊರೆ ಗಾಜಿನುದ್ದಕ್ಕೂ ಹರಡಿ ಎದುರಿನ ದೀಪಗಳು ಜ್ವಾಲೆಯಂತೆ ಒಡೆದು ಕಾಣುತ್ತವೆ. ಮೊದಲು ವಾಷರ್ ನೀರು ಧಾರಾಳವಾಗಿ ಚಿಮ್ಮಲಿ, ಆಮೇಲೆ ವೈಪರ್. ಆಗಲೂ ಹೋಗದಿದ್ದರೆ ಕೊಪ್ಪಳದ ಯಾವುದಾದರೂ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕೈಯಾರೆ ಒರೆಸಿ. ಹೊತ್ತಾಯಿತೆಂದು ಹಾಗೇ ಓಡಿಸಬೇಡಿ. ತಿಂಗಳಿಗೊಮ್ಮೆ ಗ್ರಿಲ್ ಹಿಂದಿನ ರೇಡಿಯೇಟರ್, ಎಸಿ ಕಂಡೆನ್ಸರ್ ಜಾಲರಿಯಲ್ಲಿ ಸಿಕ್ಕಿದ ಹುಳುಗಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ಪಟ್ಟಿಗಳು ಮಡಚಿಹೋಗುತ್ತವೆ.

ಈಗಿರುವ ಕಲೆಗಳಿಗೆ ಒಬ್ಬ ಒಳ್ಳೆಯ ಡೀಟೇಲಿಂಗ್ ಕೆಲಸಗಾರನನ್ನು ಹುಡುಕಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡವನೇ ಆಗಬೇಕು, ಅದಿಲ್ಲದೆ ಯಂತ್ರ ತಿರುಗಿಸುವವನ ಕೈಗೆ ಕೊಡಬೇಡಿ. ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನೇ ಒಂದೆರಡು ಮೈಕ್ರಾನ್ ತೇಯುವುದು, ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಉಗುರಿಗೆ ತಡೆಯದ ಮಬ್ಬು ಪಟ್ಟೆ ಪೂರ್ತಿ ಹೋಗುತ್ತದೆ. ಉಂಗುರಗಳಲ್ಲಿ ಒಂದೆರಡು ಆಳವಾಗಿದ್ದರೆ ಅವನ್ನು ಬಿಟ್ಟುಬಿಡಲು ಹೇಳಿ, ಅವುಗಳ ಬೆನ್ನು ಹತ್ತಿ ಕ್ಲಿಯರ್ ಕೋಟ್ ತೆಳು ಮಾಡಿಸಿಕೊಳ್ಳುವುದು ಬೇಡ. ಪಾಲಿಶ್ ಆದ ದಿನವೇ ಮೊದಲ ಕೈ ವ್ಯಾಕ್ಸ್ ಹಚ್ಚಿಸಿ. ಪಿಪಿಎಫ್ ಹಾಕಿಸುವ ಮನಸ್ಸಿದ್ದರೆ ವ್ಯಾಕ್ಸ್ ಹಚ್ಚುವ ಮೊದಲೇ ತಿಳಿಸಿ, ಮೇಣದ ಮೇಲೆ ಹಾಳೆ ಅಂಟುವುದಿಲ್ಲ.