ಜೋಕಾಲಿಯ ಎತ್ತರ ಅಳೆದರೆ ಸಾಲದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯಿಂದ ದುಬೈಗೋ ಸಿಂಗಾಪುರಕ್ಕೋ ಯುರೋಪಿಗೋ ಹೋಗಿಬರುವ ಮನೆಗಳು ಈಗ ಅಪರೂಪವಲ್ಲ. ಬಂದವರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ಮಾತು: ಅಲ್ಲಿಯ ಥೀಮ್ ಪಾರ್ಕಿನ ಮುಂದೆ ನಮ್ಮವು ಯಾವ ಲೆಕ್ಕ? ರೋಲರ್ ಕೋಸ್ಟರಿನ ಎತ್ತರ, ವೇಗ ಹಿಡಿದು ಅಳೆದರೆ ಆ ಮಾತು ನಿಜವೇ. 2005ರಲ್ಲಿ ಬಿಡದಿಯ ಹತ್ತಿರ ತೆರೆದ ವಂಡರ್‌ಲಾ ಕೂಡ ಆ ಓಟದಲ್ಲಿ ಹಿಂದೆ ಉಳಿಯುತ್ತದೆ. ಆದರೆ ಎರಡೂ ಕಡೆಯವನ್ನು ನೋಡಿ, ಅವು ಹುಟ್ಟಿ ಬೆಳೆದ ಬಗೆಯನ್ನು ಓದಿಕೊಂಡ ಮೇಲೆ ನನಗೆ ಮನದಟ್ಟಾದದ್ದು ಬೇರೆ. ಹೊರನಾಡಿನ ಒಳ್ಳೆಯ ಪಾರ್ಕುಗಳು ತಮ್ಮ ನೆಲದ ಬದುಕನ್ನೇ ಕಥೆಯಾಗಿ ಎತ್ತಿಕೊಂಡವು, ಎತ್ತಿಕೊಂಡದ್ದನ್ನು ದಿನವೂ ಜೋಪಾನ ಮಾಡಿದವು. ಕಥೆಗೆ ನಮ್ಮ ಐದು ತಾಲ್ಲೂಕುಗಳಲ್ಲಿ ಬರವಿಲ್ಲ. ಬರವಿರುವುದು ಜೋಪಾನಕ್ಕೆ.

ಡಿಸ್ನಿಲ್ಯಾಂಡನ್ನೇ ನೋಡಿ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಅದು ತೆರೆದಾಗ ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾದದ್ದು ಸಣ್ಣ ಊರಿನ ಪೇಟೆ ಬೀದಿ. ವಾಲ್ಟ್ ಡಿಸ್ನಿ ಬಾಲ್ಯದಲ್ಲಿ ಇದ್ದ ಮಿಸೌರಿಯ ಮಾರ್ಸಲೀನ್ ಎಂಬ ರೈಲು ಊರಿನ ನೆನಪೇ ಅದಕ್ಕೆ ಪ್ರೇರಣೆ. ಅಂದರೆ ಜಗತ್ತಿಗೆಲ್ಲ ಮಾದರಿಯಾದ ಪಾರ್ಕು ಹೊರಟದ್ದು ಒಬ್ಬ ಹಳ್ಳಿಹುಡುಗನ ನೆನಪಿನಿಂದ. ಅದೇ ಕಂಪನಿ 1992ರಲ್ಲಿ ಪ್ಯಾರಿಸ್ ಬಳಿ ಪಾರ್ಕು ಕಟ್ಟಿ, ಊಟದ ಜೊತೆ ವೈನ್ ಕುಡಿಯುವ ಜನಕ್ಕೆ ವೈನ್ ಕೊಡುವುದಿಲ್ಲ ಎಂದು ನಿಯಮ ಮಾಡಿತು. ಮರುವರ್ಷವೇ ಆ ನಿಯಮ ಕೈಬಿಡಬೇಕಾಯಿತು. ಆರಂಭದ ವರ್ಷಗಳ ಭಾರಿ ನಷ್ಟಕ್ಕೆ ಸಾಲ, ಲೆಕ್ಕಾಚಾರದ ತಪ್ಪುಗಳಂಥ ಕಾರಣಗಳೂ ಇದ್ದವು. ಆದರೂ ನೆಲದ ರೂಢಿ ಮರೆತರೆ ದೊಡ್ಡ ದುಡ್ಡೂ ಎಡವುತ್ತದೆ ಎಂಬುದು ಅಲ್ಲಿ ಕಂಡಿತು.

ನಮಗೆ ಇನ್ನೂ ಹತ್ತಿರದ್ದು ನೆದರ್‌ಲ್ಯಾಂಡ್ಸಿನ ಎಫ್ಟೆಲಿಂಗ್. ಅದಿರುವುದು ಬೂಟು ಹೊಲಿದು ಬದುಕಿದ ಸೀಮೆಯಲ್ಲಿ. ಚಪ್ಪಲಿ ಹೊಲಿಯುವ ಅಥಣಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ 1952ರಲ್ಲಿ ಆಂಟನ್ ಪೀಕ್ ಎಂಬ ಚಿತ್ರಕಾರನ ಕಲ್ಪನೆಯಂತೆ ಮರಗಳ ನಡುವೆ ಅಜ್ಜಿಕಥೆಗಳ ಗೊಂಬೆಗಳನ್ನೂ ಮನೆಗಳನ್ನೂ ನಿಲ್ಲಿಸಿದರು. ಅಲ್ಲಿಯ ಕಸದ ಡಬ್ಬಿಯೂ ಒಂದು ಪಾತ್ರ: ಬಾಯಿ ತೆರೆದ ದಢೂತಿ ಗೊಂಬೆ ‘ಕಾಗದ ಇಲ್ಲಿ ಹಾಕಿ’ ಎಂದು ಕರೆಯುತ್ತದೆ, ಹಾಕಿದರೆ ಥ್ಯಾಂಕ್ಸ್ ಹೇಳುತ್ತದೆ. ಮಕ್ಕಳು ನೆಲದ ಮೇಲಿನ ಚೂರುಗಳನ್ನು ಹುಡುಕಿ ತಂದು ಅದಕ್ಕೆ ತಿನ್ನಿಸುತ್ತಾರೆ. ಸ್ವಚ್ಛತೆಯ ಬೋರ್ಡು ಬರೆಸಿ ಸುಮ್ಮನಾಗುವ ನಾವು ಅಲ್ಲಿ ಕಲಿಯಬೇಕಾದದ್ದು ಬಹಳ.

ಇವಕ್ಕೆ ನಮ್ಮಲ್ಲಿ ಸಾಟಿ ಯಾವುದು ಎಂದರೆ ನಾನು ತೋರಿಸುವುದು ನಿಪ್ಪಾಣಿಯಿಂದ ಕೊಲ್ಹಾಪುರದತ್ತ ಹೋದರೆ ಸಿಗುವ ಕನೇರಿ ಮಠವನ್ನು. ಅಲ್ಲಿಯ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯದಲ್ಲಿ ಕುಂಬಾರ, ಕಮ್ಮಾರ, ನೇಕಾರರೆಲ್ಲ ಬಯಲಲ್ಲಿ ಆಳೆತ್ತರದ ಶಿಲ್ಪಗಳಾಗಿ ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಅದೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಇಳಿದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ದೊಡ್ಡಾಟಕ್ಕೆ ಹೊಸ ಜೀವ ತುಂಬಿದವರ ಕೈ ಅದು. ಹೀಗೆ ನೆಲದಿಂದಲೇ ಎದ್ದವು ಎನ್ನುವ ಅರ್ಥದಲ್ಲಿ ಈ ಎರಡೂ ಬೆಂಗಳೂರಿನ ನೀರಾಟದ ಪಾರ್ಕುಗಳಿಗಿಂತ ಎಫ್ಟೆಲಿಂಗಿಗೆ ಹತ್ತಿರದ ಬಂಧುಗಳು.

ಮಕ್ಕಳಿಗೆ ಬೇಕಾದದ್ದು ವೇಗ, ಗೊಂಬೆ ಯಾರಿಗೆ ಬೇಕು ಎನ್ನುವವರಿದ್ದಾರೆ. ಎಫ್ಟೆಲಿಂಗಿಗೆ ಪೈಥಾನ್ ಎಂಬ ದೊಡ್ಡ ರೋಲರ್ ಕೋಸ್ಟರ್ ಬಂದದ್ದು 1981ರಲ್ಲಿ, ಕಥೆಯ ಕಾಡು ತೆರೆದು ಸುಮಾರು ಮೂವತ್ತು ವರ್ಷಕ್ಕೆ. ಆ ಕಾಡು ಇಂದಿಗೂ ಜನರನ್ನು ಎಳೆಯುತ್ತಿದೆ. ವೇಗವನ್ನು ಆಮೇಲೆ ಸೇರಿಸಬಹುದು. ದುಡ್ಡೆಲ್ಲಿದೆ ಎನ್ನುವ ಮಾತಿಗೆ ಹೆಚ್ಚು ತೂಕವಿದೆ. ಆದರೆ ದುಡ್ಡಿದ್ದ ಡಿಸ್ನಿಲ್ಯಾಂಡಿನಲ್ಲೂ ಮೊದಲ ದಿನ ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ, ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ಸ್ ಹೂತುಕೊಂಡವು. ಅವರು ತಿದ್ದಿಕೊಂಡರು. ನಮ್ಮಲ್ಲಿ ಉದ್ಘಾಟನೆಗೆ ಅನುದಾನ ಬರುತ್ತದೆ, ಶಿಲ್ಪದ ಮುರಿದ ಬೆರಳಿಗೆ ಸಿಮೆಂಟು ಹಚ್ಚಲು, ಮಾಸಿದ ಬಣ್ಣ ಬಳಿಯಲು ಬರುವುದಿಲ್ಲ. ಇದು ಬಡತನಕ್ಕಿಂತ ಹೆಚ್ಚಾಗಿ ಲೆಕ್ಕ ಬರೆಯುವ ರೀತಿಯ ದೋಷ ಎಂದೇ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಂಥ ಗ್ರಾಮಲೋಕಗಳು ಹಳ್ಳಿಯನ್ನು ಚೆಂದ ಮಾಡಿ ತೋರಿಸುತ್ತವೆ, ಹನ್ನೆರಡು ಆಯಗಾರರು ನಗುನಗುತ್ತ ದುಡಿದಂತೆ ಕಾಣಿಸುತ್ತವೆ. ಚಪ್ಪಲಿ ಹೊಲಿದವನನ್ನು ಊರ ಹೊರಗೆ ಇಟ್ಟದ್ದು ಅಲ್ಲಿ ಕಾಣುವುದಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಹಾಗೆಂದು ಗ್ರಾಮಲೋಕವೇ ಬೇಡ ಎಂದರೆ ನಷ್ಟ ನಮಗೇ. ಮುಚ್ಚಿಟ್ಟದ್ದನ್ನೂ ಅಲ್ಲಿ ತೋರಿಸಬೇಕು. ನಿಪ್ಪಾಣಿಯಲ್ಲಿ ಅದಕ್ಕೆ ಬೇಕಾದದ್ದೆಲ್ಲ ಇದೆ: 1925ರಲ್ಲಿ ಅಂಬೇಡ್ಕರ್ ಬಂದು ಮಾತಾಡಿದ ಊರು ಅದು, 1981ರಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲೇ ಕೂತು ಬೆಲೆ ಕೇಳಿ ಗೋಲಿಬಾರಿಗೆ ಈಡಾದ ಊರು, ಬೀಡಿ ಸುತ್ತುವ ಹೆಣ್ಣುಮಕ್ಕಳ ಊರು.

ಅಥಣಿಯಲ್ಲಂತೂ ಶಿಲ್ಪವೂ ಬೇಕಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಯಲ್ಲಿ ಬೆಳಗಾವಿ ಜಿಲ್ಲೆಯೂ ಇದೆ. ತೊಗಟೆಯಲ್ಲಿ ಹದ ಮಾಡಿದ ತೊಗಲನ್ನು ಮೊಳೆಯಿಲ್ಲದೆ ತೊಗಲ ದಾರದಲ್ಲೇ ಹೊಲಿಯುವ ಕೈಗಳು ಇಂದಿಗೂ ಅಲ್ಲಿವೆ. ಅವರಿಗೆ ಕೂಲಿ ಕೊಟ್ಟು, ಹೆಸರು ಬರೆದು, ನೋಡುವವರ ಎದುರು ಕೂಡಿಸಿದರೆ ಅದಕ್ಕಿಂತ ಜೀವಂತ ಆಕರ್ಷಣೆ ಯಾವ ದೇಶದ ಪಾರ್ಕಿನಲ್ಲಿದೆ? ಜಾಗವನ್ನೂ ಹೊಸದಾಗಿ ಹುಡುಕಬೇಕಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ, ಕೊಕಟನೂರ ಯಲ್ಲಮ್ಮನ ಜಾತ್ರೆಗೆ ಎರಡು ರಾಜ್ಯದ ಜನ ತಾವಾಗಿಯೇ ಬರುತ್ತಾರೆ. ಬರುವ ದಾರಿಯಲ್ಲಿ ಒಂದು ಸಣ್ಣ ಬಯಲನ್ನು ಗೊತ್ತುಮಾಡಿ, ನೆರಳು, ನೀರು, ಬಳಸುವಂಥ ಶೌಚಾಲಯ, ಕನ್ನಡ-ಮರಾಠಿ ಎರಡರಲ್ಲೂ ಫಲಕ ಇಟ್ಟು, ಟಿಕೆಟಿನ ದುಡ್ಡಿನ ಒಂದು ಪಾಲನ್ನು ದುರಸ್ತಿಗೆಂದೇ ಬೇರೆ ಖಾತೆಯಲ್ಲಿ ಕೂಡಿಸುತ್ತ ಹೋಗಬೇಕು. ಒಬ್ಬ ಬಣ್ಣಗಾರ, ಒಬ್ಬ ಗೌಂಡಿ, ಇಬ್ಬರಿಗೂ ವರ್ಷವಿಡೀ ಸಂಬಳ: ಮೊದಲ ಅಂದಾಜು ಪಟ್ಟಿಯಲ್ಲೇ ಈ ಸಾಲು ಇರಬೇಕು.